ಹಿಂದೆ ಡೀಸೆಲ್ ಇದ್ದರೇನಂತೆ?

ಹಬೆ ಎಂಜಿನ್ನಿನ ವಿಶೇಷ ಗಾಡಿಗೆ ಹಿಂದಿನಿಂದ ತಳ್ಳಲು ಡೀಸೆಲ್ ಎಂಜಿನ್ ಕಟ್ಟುವುದು ಮೋಸ ಎಂದು ಹಳೆಯ ರೈಲುಗಳ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1855ರ ಹಬೆ ಎಂಜಿನ್ ಫೇರಿ ಕ್ವೀನ್ 1909ರಲ್ಲಿ ನಿಂತು, 1997ರಲ್ಲಿ ಮತ್ತೆ ದೆಹಲಿಯಿಂದ ಅಲ್ವರ್‌ಗೆ ಓಡಿತು. ಅಂಥ ಮುದುಕಿ ನಡುದಾರಿಯಲ್ಲಿ ಕೂತುಬಿಟ್ಟರೆ ಅದೇ ಹಳಿಯಲ್ಲಿ ಹಿಂದೆ ಬರುವ ಗಾಡಿಗಳ ಗತಿ? ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತು ನಿಮಿಷ ತಡವಾದರೆ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ!

ನನಗೆ ಸಿಟ್ಟು ಬರುವುದು ವೇಷ ಹಾಕಿದಾಗ. ಗುಜರಾತಿನ ಅಹಮದಾಬಾದ್–ಏಕತಾ ನಗರದ ಹೆರಿಟೇಜ್ ರೈಲಿನಲ್ಲಿ ವಿದ್ಯುತ್ ಎಂಜಿನ್ನಿಗೆ ಹಬೆ ಎಂಜಿನ್ನಿನ ಮುಖವಾಡ. "ಮಕ್ಕಳಿಗೆ ಖುಷಿ ಆಗುತ್ತಲ್ವಾ" ಅನ್ನುತ್ತಾರೆ ನಮ್ಮ ರೈಲು ಹುಚ್ಚಿನ ಗೆಳೆಯರಲ್ಲಿ ಅರ್ಧ ಜನ. ಆಗಬಹುದು. ಆದರೆ ನಮ್ಮ ದೊಡ್ಡಪ್ಪ ಹುಬ್ಬಳ್ಳಿಯಲ್ಲಿ ಹಬೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವರು. ತಣ್ಣಗಾದ ಬಾಯ್ಲರ್ ಹಬೆ ಕಟ್ಟಲು ತಾಸುಗಟ್ಟಲೆ ಬೇಕು. ಮನೆಗೆ ಬಂದರೆ ಕೈ ತೊಳೆದಷ್ಟೂ ಕಪ್ಪು ಹೋಗುತ್ತಿರಲಿಲ್ಲ. ದೊಡ್ಡಮ್ಮನ ಬೈಗುಳ ಬೇರೆ. ಮುಖವಾಡಕ್ಕೆ ಇದ್ಯಾವುದೂ ಇಲ್ಲ, ಸುಮ್ನೆ ಸ್ವಿಚ್ಚು.

ಮಹಾರಾಷ್ಟ್ರದಲ್ಲಿ ಬೆಟ್ಟ ಹತ್ತುವ, 1907ರಿಂದಿರುವ ನೇರಳ್–ಮಾಥೇರಾನ್ ಹಳಿ ಬರೀ ಎರಡಡಿ ಅಗಲ. ಅಲ್ಲಿ ಒಂದು ನಿಜವಾದ ಹಬೆ ಎಂಜಿನ್ ವರ್ಷಕ್ಕೊಮ್ಮೆ ಹತ್ತಿದರೂ ಸಾಕು. ಹಿಂದೆ ಡೀಸೆಲ್ ತಳ್ಳುತ್ತಿದ್ದರೂ ನಾನು ಟಿಕೆಟ್ ತೆಗೆಸುತ್ತೇನೆ.