ಸದ್ದಿಲ್ಲದೆ ಬಂದು ಮತ ಹಾಕಿದವರು

ನಿನ್ನೆ ಸಂಜೆ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಊಟ ಮುಗಿದ ಮೇಲೆ ಮಾತು ಅಮೆರಿಕದ 2028ರ ಅಧ್ಯಕ್ಷೀಯ ಚುನಾವಣೆಯ ಕಡೆಗೆ ತಿರುಗಿತು. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಪ್ರೈಮರಿಯಲ್ಲಿ ಯಾರು ಮುಂದೆ ಬರಬಹುದೆಂದು ಎಲ್ಲರೂ ತಮತಮಗೆ ತೋಚಿದ್ದನ್ನು ಹೇಳುತ್ತಿರುವಾಗ, ಇಲ್ಲಿಯೇ ಹುಟ್ಟಿ ಬೆಳೆದರೂ ಅಚ್ಚುಕಟ್ಟಾಗಿ ಕನ್ನಡ ಮಾತನಾಡುವ ಹುಡುಗನೊಬ್ಬ, "ಅಂಕಲ್, ಯಾರ ಸಭೆಗೆ ಜನ ಕಿಕ್ಕಿರಿದು ಬರ್ತಾರೋ ಅವರನ್ನೇ ನಿಲ್ಲಿಸಬೇಕು. 2020ರಲ್ಲಿ ಬೈಡನ್ ಬಗ್ಗೆ ಒಬ್ಬರಿಗೂ ಉತ್ಸಾಹ ಇರಲಿಲ್ಲ" ಎಂದ. ಸುತ್ತ ಕುಳಿತಿದ್ದವರು ಹೌದೆಂದು ತಲೆಯಾಡಿಸಿದರು. ನಾನು ಸುಮ್ಮನಿದ್ದುಬಿಟ್ಟೆ, ಮನೆಗೆ ಬಂದ ಮೇಲೆ ಸುಮ್ಮನಿದ್ದದ್ದು ತಪ್ಪಾಯಿತೆಂದು ಅನ್ನಿಸಿ ನಿದ್ದೆ ಹತ್ತಲಿಲ್ಲ.

ಒಬ್ಬರಿಗೂ ಉತ್ಸಾಹ ಇರಲಿಲ್ಲವೆಂದರೆ, 2020ರ ಮಾರ್ಚ್ 3ರ ಮಂಗಳವಾರ ನಮ್ಮ ವರ್ಜೀನಿಯಾದಲ್ಲಿ ಆ ಪಕ್ಷದ ಪ್ರೈಮರಿಗೆ ಮತಗಟ್ಟೆಗೆ ಬಂದ 13 ಲಕ್ಷಕ್ಕೂ ಹೆಚ್ಚು ಜನ ಯಾರು? 2016ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಇಲ್ಲಿ ಮತ ಹಾಕಿದವರು 7.85 ಲಕ್ಷ. ಒಬಾಮಾ ಅಲೆಯ 2008ರಲ್ಲಿಯೂ ಆ ಸಂಖ್ಯೆ ಹತ್ತು ಲಕ್ಷ ಮುಟ್ಟಿರಲಿಲ್ಲ. ಅದನ್ನೂ ಮೀರಿ ಬಂದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಶೇ. 53ರಷ್ಟು, ಯಾರಿಗೂ ಉತ್ಸಾಹ ಹುಟ್ಟಿಸಲಿಲ್ಲವೆಂದು ನಾವು ಹೇಳುವ ಆ ಬೈಡನ್‌ಗೇ ಮತ ಕೊಟ್ಟರು.

ಆ ಬೆಳಿಗ್ಗೆ ನಾನು ಫೇರ್‌ಫ್ಯಾಕ್ಸ್‌ನ ಶಾಲೆಯೊಂದರ ಮುಂದೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ನಮ್ಮ ಬೀದಿಯ ಕಪ್ಪು ಮಹಿಳೆಯೊಬ್ಬರಿದ್ದರು, ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಮೊಣಕಾಲು ನೋವಿದ್ದುದರಿಂದ ಮಡಚುವ ಸ್ಟೂಲು ತಂದಿದ್ದರು. ಸಾಲು ನಾಲ್ಕು ಹೆಜ್ಜೆ ಮುಂದೆ ಹೋದಾಗಲೆಲ್ಲ ಎದ್ದು, ಸ್ಟೂಲು ಮಡಚಿ, ನಾಲ್ಕು ಹೆಜ್ಜೆ ನಡೆದು, ಅದನ್ನು ಮತ್ತೆ ಬಿಡಿಸಿ ಕೂರುತ್ತಿದ್ದರು. ಅವರ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಯಾವ ಅಭ್ಯರ್ಥಿಯ ಫಲಕವೂ ಇರಲಿಲ್ಲ, ಕಾರಿನ ಮೇಲೆ ಒಂದು ಸ್ಟಿಕ್ಕರ್ ಇರಲಿಲ್ಲ. ಸಮೀಕ್ಷೆಯವರು ಫೋನ್ ಮಾಡಿ ನಿಮ್ಮ ಉತ್ಸಾಹ ಎಷ್ಟೆಂದು ಕೇಳಿದ್ದರೆ ಆಕೆ ಏನು ಹೇಳುತ್ತಿದ್ದರೋ ಏನೋ. ಆ ನೋವಿನ ಕಾಲಿನಲ್ಲಿ ಎದ್ದು ಕೂತು ಎದ್ದು ಕೂತು ಬಾಗಿಲು ಮುಟ್ಟಿದ್ದು ಉತ್ಸಾಹವಲ್ಲದಿದ್ದರೆ ಆ ಪದಕ್ಕೆ ಬೇರೆ ಯಾವ ಅರ್ಥವಿದೆಯೋ ನನಗೆ ತಿಳಿಯದು.

ಅದಕ್ಕೆ ಕೆಲವೇ ದಿನ ಮೊದಲು ಬೈಡನ್ ಕಥೆ ಮುಗಿಯಿತೆಂದು ಎಲ್ಲರೂ ಬರೆದಿದ್ದರು. ಪಕ್ಷದವರು ಸಭೆ ಸೇರಿ ಅಭ್ಯರ್ಥಿಯನ್ನು ಆರಿಸುವ ಅಯೋವಾದ ಕಾಕಸ್‌ನಲ್ಲಿ ನಾಲ್ಕನೆಯ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯದು. ಅವರ ಎದುರಾಳಿಗಳಲ್ಲಿ ಸ್ಯಾಂಡರ್ಸ್ ಸಭೆಗಳಿಗೆ ಸಾವಿರಾರು ಜನ, ವಾರೆನ್ ಜೊತೆ ಸೆಲ್ಫಿಗೆ ಗಂಟೆಗಟ್ಟಲೆ ಸಾಲು, ಬ್ಲೂಮ್‌ಬರ್ಗ್ ಅವರದು ಐವತ್ತು ಕೋಟಿ ಡಾಲರಿಗೂ ಮೀರಿದ ಖರ್ಚು. ಫೆಬ್ರವರಿ 26ರಂದು ಸೌತ್ ಕ್ಯಾರೊಲೈನಾದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಸೂಚಿಸಿದರು. ಮೂರು ದಿನ ಕಳೆದು, ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕೂ ಹೆಚ್ಚು ಕಪ್ಪು ಜನರೇ ಇರುವ ಆ ರಾಜ್ಯ ಬೈಡನ್‌ಗೆ ಭಾರಿ ಅಂತರದ ಗೆಲುವು ಕೊಟ್ಟಿತು. ಹಲವು ರಾಜ್ಯಗಳು ಒಟ್ಟಿಗೆ ಪ್ರೈಮರಿ ನಡೆಸುವ ಸೂಪರ್ ಟ್ಯೂಸ್ಡೇ ದಿನ, ಅಂದರೆ ಆ ಮಾರ್ಚ್ 3ರಂದು, ಹದಿನಾಲ್ಕು ರಾಜ್ಯಗಳಲ್ಲಿ ಹತ್ತು ಅವರ ಪಾಲಾದವು. ಬ್ಲೂಮ್‌ಬರ್ಗ್ ಕೈಗೆ ಸಿಕ್ಕಿದ್ದು ಪುಟ್ಟ ದ್ವೀಪ ಪ್ರದೇಶವಾದ ಅಮೆರಿಕನ್ ಸಮೋವಾ ಒಂದೇ.

ಟ್ರಂಪ್ ಸಭೆಗಳಿಗೂ ಜನ ಸೇರುತ್ತಿದ್ದರಲ್ಲ, ಅವರು ಗೆಲ್ಲಲಿಲ್ಲವೇ ಎಂದು ಕೇಳುವವರಿದ್ದಾರೆ. ಗೆದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 2016ರ ಫೆಬ್ರವರಿಯಲ್ಲಿ ಅದೇ ಸೌತ್ ಕ್ಯಾರೊಲೈನಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ಅವರಿಗೆ ಬಂದದ್ದು ಶೇ. 32.5 ಮತ, ಕೈಸೇರಿದ್ದು ಐವತ್ತಕ್ಕೆ ಐವತ್ತೂ ಡೆಲಿಗೇಟ್‌ಗಳು, ಅಂದರೆ ಕೊನೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು. ಉಳಿದ ಮತಗಳು ಐದು ಜನರ ನಡುವೆ ಹಂಚಿಹೋಗಿದ್ದವು, ಪಕ್ಷದ ನಿಯಮವೂ ಮುಂದಿದ್ದವರಿಗೆ ಅನುಕೂಲವಾಗಿತ್ತು. ಅಲ್ಲಿ ಜನಜಂಗುಳಿಯೊಂದೇ ಕೆಲಸ ಮಾಡಿತೆಂದು ನಾನು ಒಪ್ಪಲಾರೆ.

ಸಭೆಯ ಜನ ಮತವಾಗದೆ ಹೋದದ್ದನ್ನು ನೋಡಬೇಕೆಂದರೆ ಅದೇ ವರ್ಷದ ನ್ಯೂಯಾರ್ಕ್ ಇದೆ. ಏಪ್ರಿಲ್ 13ರ ರಾತ್ರಿ ವಾಷಿಂಗ್ಟನ್ ಸ್ಕ್ವೇರ್ ಪಾರ್ಕ್‌ನಲ್ಲಿ ಸ್ಯಾಂಡರ್ಸ್ ಮಾತು ಕೇಳಲು ಸುಮಾರು 27,000 ಜನ ನೆರೆದಿದ್ದರೆಂದು ಅವರ ಪ್ರಚಾರ ತಂಡ ಹೇಳಿತು. ಆರು ದಿನಗಳ ಬಳಿಕ ಅವರ ಎದುರಾಳಿ ಹಿಲರಿ ಕ್ಲಿಂಟನ್ ಆ ರಾಜ್ಯದ ಪ್ರೈಮರಿಯನ್ನು ಸುಮಾರು 16 ಶೇಕಡಾ ಅಂಶಗಳ ಅಂತರದಲ್ಲಿ ಗೆದ್ದರು. ನ್ಯೂಯಾರ್ಕ್‌ನಲ್ಲಿ ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಮತ, ಮೊದಲೇ ಬೇರೆಡೆ ನೋಂದಾಯಿಸಿದ್ದವರು ಪಕ್ಷ ಬದಲಿಸಲು ಆಗ ಕೊನೆಯ ದಿನ 2015ರ ಅಕ್ಟೋಬರ್ 9 ಆಗಿತ್ತು. ಆ ಉದ್ಯಾನದಲ್ಲಿ ಕೂಗಿ ಗಂಟಲು ಕಟ್ಟಿಸಿಕೊಂಡವರಲ್ಲಿ ಎಷ್ಟೋ ಮಂದಿಯ ಗಡುವು ಆರು ತಿಂಗಳ ಹಿಂದೆಯೇ ಮುಗಿದುಹೋಗಿತ್ತು. ಆಗಿನ ಆ ನಿಯಮ ಅನ್ಯಾಯದ್ದೇ, ಅದರ ಮೇಲೆ ನನಗೂ ಸಿಟ್ಟಿದೆ. ಆದರೆ ದೇಶದಾದ್ಯಂತ ಆ ಪ್ರೈಮರಿಯಲ್ಲಿ ಕ್ಲಿಂಟನ್ ಪಡೆದ ಮತ ಸ್ಯಾಂಡರ್ಸ್‌ಗಿಂತ 35 ಲಕ್ಷಕ್ಕೂ ಹೆಚ್ಚು, ಅಷ್ಟು ದೊಡ್ಡ ಅಂತರವನ್ನು ಒಂದು ರಾಜ್ಯದ ನಿಯಮದ ತಲೆಗೆ ಕಟ್ಟಲಾಗದು.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಿಬಿಡಬೇಕು. 2015ರ ಅಕ್ಟೋಬರಿನಲ್ಲಿ ಸ್ಯಾಂಡರ್ಸ್ ಜಾರ್ಜ್ ಮೇಸನ್ ವಿಶ್ವವಿದ್ಯಾಲಯಕ್ಕೆ ಬಂದಾಗ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೂಗಿದೆ, ಚಪ್ಪಾಳೆ ತಟ್ಟಿದೆ, ಫೋಟೊಗಳನ್ನು ನನ್ನ ಇದೇ ಪುಟದಲ್ಲಿ ಹಾಕಿದೆ. ನಿಮ್ಮಲ್ಲಿ ಹಲವರು ಮೆಚ್ಚಿದ್ದೂ ನೆನಪಿದೆ. 2016ರ ಮಾರ್ಚ್ 1ರಂದು ವರ್ಜೀನಿಯಾದ ಪ್ರೈಮರಿ ನಡೆದಾಗ ನಾನು ಪೌರತ್ವ ಪಡೆದು ಎರಡು ವರ್ಷವಾಗಿತ್ತು, ಮತದಾರರ ಪಟ್ಟಿಯಲ್ಲಿ ಹೆಸರಿತ್ತು, ಇಲ್ಲಿ ಪಕ್ಷದ ನೋಂದಣಿ ಎಂಬುದೇ ಇಲ್ಲದ ಕಾರಣ ಆ ಅಡ್ಡಿಯೂ ಇರಲಿಲ್ಲ. ಆಫೀಸಿನಲ್ಲಿ ಒಂದರ ಹಿಂದೊಂದು ಮೀಟಿಂಗ್ ಇತ್ತು. ಸಂಜೆ ಏಳಕ್ಕೆ ಮತಗಟ್ಟೆ ಮುಚ್ಚಿತು, ನಾನು ಏಳೂವರೆಗೆ ಮನೆ ತಲುಪಿದೆ. ಬಾಗಿಲಲ್ಲೇ ಮಗಳು "ಅಪ್ಪಾ, ಹಾಕಿದ್ರಾ?" ಎಂದು ಕೇಳಿದಳು. ಅವಳ ಆ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ.

ನವೆಂಬರ್ 2020ರಲ್ಲಿ ಬೈಡನ್‌ಗೆ 8 ಕೋಟಿ 10 ಲಕ್ಷಕ್ಕೂ ಹೆಚ್ಚು ಮತ ಬಂದದ್ದು ಟ್ರಂಪ್ ಮೇಲಿನ ಭಯದಿಂದ, ಬೈಡನ್ ಮೇಲಿನ ಪ್ರೀತಿಯಿಂದಲ್ಲ ಎಂದು ನಿನ್ನೆ ಇನ್ನೊಬ್ಬರು ಹೇಳಿದರು. ಇದ್ದೀತು. ಮನೆ, ಮಕ್ಕಳು, ಆಸ್ಪತ್ರೆಯ ಬಿಲ್ಲು, ನಾಳೆಯ ಕೆಲಸ ಇವುಗಳ ಬಗ್ಗೆ ಭಯಪಟ್ಟು, ಯಾರು ಗೆಲ್ಲಬಲ್ಲರೆಂದು ಲೆಕ್ಕಹಾಕಿ ಹಾಕಿದ ಮತವೂ ಮನಸ್ಸಿಟ್ಟು ಹಾಕಿದ ಮತವೇ. ಅದನ್ನು ಉತ್ಸಾಹಹೀನ ಮತವೆಂದು ಕರೆಯುವ ಹಕ್ಕು, ಸಭೆಯಲ್ಲಿ ಕೂಗಿ ಮನೆಗೆ ಹೋದ ನನ್ನಂಥವರಿಗಂತೂ ಇಲ್ಲ.

ನಿನ್ನೆ ಆ ಹುಡುಗನಿಗೆ ಇದನ್ನೆಲ್ಲ ಹೇಳಬೇಕಿತ್ತು. ಮುಂದಿನ ವಾರ ಅವನ ಮನೆಗೇ ಹೋಗುವುದಿದೆ. ಅಭ್ಯರ್ಥಿಗಳ ವಿಷಯ ತೆಗೆಯುವ ಮೊದಲು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಇಲ್ಲಿ ಪ್ರೈಮರಿ ನಡೆದ 2024ರ ಮಾರ್ಚ್ 5ರ ಮಂಗಳವಾರ ಸಂಜೆ ಏಳು ಗಂಟೆಯೊಳಗೆ ನೀನು ಎಲ್ಲಿದ್ದೆ ಮಗು ಎಂದು ಕೇಳುತ್ತೇನೆ.