ಆಯೋಗದ ಕುರ್ಚಿಗೆ ಅರ್ಜಿ ಎಲ್ಲಿ ಹಾಕಬೇಕು?

ನಮ್ಮ ಅಪ್ಪನ ಹೆಬ್ಬೆರಳನ್ನು ಯಂತ್ರ ಒಪ್ಪುವುದಿಲ್ಲ. ನಲವತ್ತು ವರ್ಷ ತೊಗರಿ ಕೊಯ್ದ ಕೈ, ಗೆರೆಗಳು ಸವೆದಿವೆ. ಹೋದ ಸಲ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಮೂರು ದಿನ ಅಲೆದರು. ಮೊದಲ ದಿನ ಸರ್ವರ್ ಇಲ್ಲ. ಎರಡನೆಯ ದಿನ ಸರ್ವರ್ ಇತ್ತು, ಬೆರಳು ಹತ್ತಲಿಲ್ಲ. ಮೂರನೆಯ ದಿನ ಯಾರೋ ಹೇಳಿದರೆಂದು ನಿಂಬೆಹಣ್ಣು ಉಜ್ಜಿ, ಪಂಚೆಗೆ ಒರೆಸಿ ಒತ್ತಿದಾಗ ಅಂತೂ ಹಸಿರು ದೀಪ ಹೊತ್ತಿತು. "ತಮ್ಮಾ, ಇದನ್ನು ಮಾಡಿದವನು ಹೊಲ ನೋಡಿಲ್ಲ" ಎಂದರು ಅಪ್ಪ.

ತಂತ್ರಜ್ಞಾನ ಆಯೋಗ, ತಜ್ಞರ ಸಮಿತಿ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ನಿಂಬೆಹಣ್ಣು ನೆನಪಾಗುತ್ತದೆ. ಅಲ್ಲಿ ಕೂರುವವರನ್ನು ಆರಿಸುವವರು ಯಾರು?

ಇಂಥ ಆಯೋಗಗಳು ಹೆಚ್ಚಾಗಿ ಶಾಸನದಿಂದಲ್ಲ, ಒಂದು ಸರ್ಕಾರಿ ಆದೇಶದಿಂದ ಹುಟ್ಟುತ್ತವೆ. ಅಧ್ಯಕ್ಷರು, ಕೆಲವು ನಾಮನಿರ್ದೇಶಿತರು, ಪದನಿಮಿತ್ತ ಕಾರ್ಯದರ್ಶಿಗಳು. 2008ರಲ್ಲಿ ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ ಅಧ್ಯಕ್ಷತೆಯಲ್ಲಿ ಕರ್ನಾಟಕ ಜ್ಞಾನ ಆಯೋಗ ಬಂದಾಗ ಅವರ ಯೋಗ್ಯತೆಯ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ, ನನಗೂ ಇಲ್ಲ. ನನ್ನ ತಕರಾರು ದಾರಿಯ ಬಗ್ಗೆ. ಆದೇಶದಲ್ಲಿ ಹೆಸರುಗಳಿರುತ್ತವೆ, ಆ ಹೆಸರುಗಳೇ ಏಕೆ ಎಂಬುದು ಇರುವುದಿಲ್ಲ.

ಮಾಹಿತಿ ಆಯೋಗವನ್ನು ನೋಡಿ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಮುಖ್ಯಮಂತ್ರಿ, ವಿಧಾನಸಭೆಯ ವಿರೋಧ ಪಕ್ಷದ ನಾಯಕ ಮತ್ತು ಒಬ್ಬ ಸಚಿವರ ಸಮಿತಿ ಹೆಸರು ಶಿಫಾರಸು ಮಾಡಬೇಕು, ರಾಜ್ಯಪಾಲರು ನೇಮಿಸಬೇಕು. ಆಯುಕ್ತರಾದವರಿಗೆ ರಾಜಕೀಯ ಪಕ್ಷದ ನಂಟು ಇರಬಾರದು. ಹುದ್ದೆಗೆ ಜಾಹೀರಾತು ಕೊಡಿ, ಆಯ್ಕೆಯ ಮಾನದಂಡ ಬಹಿರಂಗಪಡಿಸಿ ಎಂದು 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಯೂ ಎಲ್ಲವೂ ನೆಟ್ಟಗಿದೆ ಎನ್ನಲಾರೆ. ಸರ್ಕಾರಿ ನೌಕರಿಯಿಂದ ಬಂದವರೇ ಆಯುಕ್ತರಾಗುತ್ತಿರುವುದನ್ನು ಅದೇ ತೀರ್ಪು ಎತ್ತಿ ಆಡಿದೆ. ಆದರೂ ಜಗಳ ತೆಗೆಯಲು ಒಂದು ನಿಯಮವಾದರೂ ಇದೆ.

ಕಲ್ಯಾಣ ಕರ್ನಾಟಕದ ನಮಗೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿ ಇದೆಯಲ್ಲ ಎನ್ನುತ್ತೀರಿ. ಅದು ಮೀಸಲಾತಿ ಕೊಟ್ಟಿರುವುದು ನೌಕರಿಗೆ ಮತ್ತು ಕಾಲೇಜಿನ ಸೀಟಿಗೆ. ಆಯೋಗದ ಕುರ್ಚಿ ಎರಡೂ ಅಲ್ಲ. ಇನ್ನು ಈ ಕಡೆ ತಜ್ಞರಿಲ್ಲ ಎನ್ನುವವರಿಗೆ ಒಂದೇ ಮಾತು: ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ.

ಜಾಹೀರಾತು ಕೊಡಲಿ, ಬಂದ ಅರ್ಜಿಗಳ ಪಟ್ಟಿ ಹಾಕಲಿ, ಸರದಿಯಲ್ಲಿ ನಿಂತು ಬಲ್ಲ ಒಬ್ಬರನ್ನಾದರೂ ಒಳಗೆ ಕೂರಿಸಲಿ. ಮುಂದಿನ ಆದೇಶ ಹೊರಬಿದ್ದ ದಿನವೇ ಮಾಹಿತಿ ಹಕ್ಕಿನಡಿ ಅದರ ಕಡತದ ಟಿಪ್ಪಣಿಗಳ ನಕಲು ಕೇಳುತ್ತೇನೆ. ಅರ್ಜಿ ಶುಲ್ಕಕ್ಕೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಈಗಾಗಲೇ ತಂದಿಟ್ಟಿದ್ದೇನೆ.