ಸ್ಪಷ್ಟನೆ: 2025ರಲ್ಲಿ ಕೆನಡಾದಲ್ಲಿ ಬಂದದ್ದು ಅಲ್ಪಮತದ ಸರ್ಕಾರ, ‘ಅಲ್ಪಸಂಖ್ಯಾತರ ಸರ್ಕಾರ’ ಅಲ್ಲ

‘ಕೆನಡಾದಲ್ಲಿ ಅಲ್ಪಸಂಖ್ಯಾತರ ಸರ್ಕಾರ ಬಂದಿದೆ, ಆರು ತಿಂಗಳೊಳಗೆ ಬೀಳೋದು ಗ್ಯಾರಂಟಿ’ ಎಂಬ ವಾಟ್ಸಾಪ್ ಸಂದೇಶ ನಮ್ಮ ಮನೆ ಗ್ರೂಪಿಗೂ ಬಂತು. ಟೊರಾಂಟೊದಲ್ಲಿರುವ ತಂಗಿಗೆ ಅಮ್ಮ ಗಾಬರಿಯಿಂದ ಫೋನ್ ಮಾಡಿದರು. ಸಂದೇಶದ ಎರಡೂ ಮಾತು ತಪ್ಪು.

ಇಲ್ಲಿ ಜಾತಿ ಧರ್ಮದ ಪ್ರಶ್ನೆಯೇ ಇಲ್ಲ, ಇದು ಬರೀ ಸೀಟಿನ ಲೆಕ್ಕ. 2025ರ ಏಪ್ರಿಲ್ 28ರ ಚುನಾವಣೆಯಲ್ಲಿ, ಮರುಎಣಿಕೆಗಳೂ ಮುಗಿದ ಮೇಲೆ, ಮಾರ್ಕ್ ಕಾರ್ನಿ ಅವರ ಲಿಬರಲ್ ಪಕ್ಷಕ್ಕೆ 343ರಲ್ಲಿ 169 ಸ್ಥಾನ ಸಿಕ್ಕವು. ಬಹುಮತಕ್ಕೆ 172 ಬೇಕಿತ್ತು. ಮೂರು ಕಡಿಮೆ, ಅಷ್ಟೇ. ಇದಕ್ಕೇ ಅಲ್ಪಮತದ ಸರ್ಕಾರ ಅನ್ನೋದು.

ಇನ್ನು ಬೀಳುವ ಮಾತು. ಬಜೆಟ್‌ನಂಥ ವಿಶ್ವಾಸಮತದಲ್ಲಿ ಸೋತರೆ ಸರ್ಕಾರ ಹೋಗುತ್ತದೆ, ನಿಜ. ಆದರೆ ಅಲ್ಲಿ 2021ರ ಅಲ್ಪಮತದ ಸರ್ಕಾರ ಮೂರು ವರ್ಷಕ್ಕೂ ಹೆಚ್ಚು ನಡೆಯಿತು; ಎನ್‌ಡಿಪಿ ಎಂಬ ಇನ್ನೊಂದು ಪಕ್ಷದ ಬೆಂಬಲಕ್ಕೆ ಪ್ರತಿಯಾಗಿ ಹಲ್ಲಿನ ಚಿಕಿತ್ಸೆಯ ಯೋಜನೆ ಬಂತು. 1966ರ ವೈದ್ಯಕೀಯ ವಿಮೆ ಕಾಯ್ದೆಯನ್ನು ತಂದದ್ದೂ ಅಂದಿನ ಪ್ರಧಾನಿ ಲೆಸ್ಟರ್ ಪಿಯರ್ಸನ್ ಅವರ ಅಲ್ಪಮತದ ಸರ್ಕಾರವೇ. ನಮ್ಮಲ್ಲೇ 1991ರಲ್ಲಿ ಬಹುಮತವಿಲ್ಲದೆ ಶುರುವಾದ ನರಸಿಂಹ ರಾವ್ ಸರ್ಕಾರ ಐದು ವರ್ಷ ಪೂರೈಸಲಿಲ್ಲವೇ?

ಹಾಗಂತ ಮತದಾರರಿಗೆ ಆತಂಕವೇ ಇಲ್ಲ ಎನ್ನಲಾರೆ. ತಂಗಿಯ ಮನೆಯಲ್ಲೇ ಎರಡು ಅಭಿಪ್ರಾಯ. ಬೇರೆ ಪಕ್ಷದವರ ಮಾತು ಕೇಳಲೇಬೇಕಲ್ಲ, ಒಳ್ಳೆಯದೇ ಆಯ್ತು ಅಂತಾಳೆ ಅವಳು. ಭಾವನದು ಬೇರೆ ಚಿಂತೆ: ಅಮೆರಿಕದ ಸುಂಕದ ಏಟು ಬಿದ್ದಿರುವಾಗ ಕೈ ಕಟ್ಟಿಹಾಕಿದಂತಿರುವ ಸರ್ಕಾರ ಗಟ್ಟಿಯಾಗಿ ಮಾತಾಡೀತೇ? ಆ ಭಯಕ್ಕೆ ಕಾರಣವಿದೆ. ವಾಟ್ಸಾಪ್ ಸಂದೇಶಕ್ಕಿಲ್ಲ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ.